ಹದಿನಾರು ಮುಖದ ಒಕ್ಕಣೆ ಮನೆ



ವಾಸ್ತುಶಿಲ್ಪವೆಂದೊಡನೆ ನಿಮಗೆ ಅರಮನೆ, ದೇವಾಲಯ, ಕೋಟೆಗಳು ನೆನಪಾಗುತ್ತವೆ. ಕಣಜ, ಕೊಟ್ಟಿಗೆಗಳು ನೆನಪಾಗುವುದಿಲ್ಲ. ಆದರೆ ಮಾಡಬೇಕಾದ ಕೆಲಸವನ್ನು ಅರಿತು ಅದಕ್ಕೆ ತಕ್ಕ ಆಕಾರ ಕೊಡುವುದೇ ವಾಸ್ತುಶಿಲ್ಪವಾದರೆ, ಹೊಲಮನೆಯ ಕಟ್ಟಡಗಳಿಗೂ ಅದರಲ್ಲಿ ಸ್ಥಾನವಿದೆ. ಅಂಥದೊಂದು ಕಟ್ಟಡವನ್ನು ಇಂದು ಪರಿಚಯ ಮಾಡಿಕೊಳ್ಳೋಣ.

ಅಮೆರಿಕದ ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ನರ ಎಸ್ಟೇಟು ಮೌಂಟ್ ವರ್ನನ್. ಇದು ವರ್ಜೀನಿಯಾದಲ್ಲಿ, ಪೊಟೋಮ್ಯಾಕ್ ನದಿಯ ದಂಡೆಯಲ್ಲಿದೆ. 1760ರ ದಶಕದಲ್ಲಿ ಅವರು ಹೊಗೆಸೊಪ್ಪನ್ನು ಬಿಟ್ಟು ಗೋಧಿಗೆ ಮನಸ್ಸು ಕೊಟ್ಟರು. ನಮ್ಮ ಕಣಗಳಲ್ಲಿ ಎತ್ತುಗಳು ತೆನೆ ತುಳಿಯುತ್ತಿದ್ದಂತೆ ಅಲ್ಲಿ ಬಯಲಿನಲ್ಲಿ ಕುದುರೆಗಳು ತುಳಿಯುತ್ತಿದ್ದವು. ಕಾಳಿಗೆ ಮಣ್ಣು, ಲದ್ದಿ ಬೆರೆಯುತ್ತಿತ್ತು. ಮಳೆ ಬಂದರಂತೂ ಒಕ್ಕಣೆ ಕೆಡುತ್ತಿತ್ತು.

ಇದಕ್ಕೆ ಪರಿಹಾರವಾಗಿ 1792ರಲ್ಲಿ ಅವರು ಎರಡು ಅಂತಸ್ತಿನ ಕಟ್ಟಡವೊಂದರ ನಕ್ಷೆ ಬರೆದರು. ಅದಕ್ಕೆ ನಾಲ್ಕಲ್ಲ, ಹದಿನಾರು ಮುಖಗಳು. ಏಕೆ? ಕುದುರೆಗಳು ತೆನೆ ತುಳಿಯುವುದು ಸುತ್ತು ಹೊಡೆಯುತ್ತಾ. ಆ ನಡಿಗೆಗೆ ವೃತ್ತವೇ ಸರಿ. ಹದಿನಾರು ಮುಖದ ಆಕಾರ ಬಹುಮಟ್ಟಿಗೆ ವೃತ್ತವೇ, ಆದರೂ ಅದಕ್ಕೆ ನೇರವಾದ ಹಲಗೆಗಳು ಸಾಕು. ಕುದುರೆಗಳು ಇಳಿಜಾರು ದಾರಿಯಲ್ಲಿ ಮೇಲಂತಸ್ತಿಗೆ ಏರಿ, ಹರಡಿದ ತೆನೆಯ ಮೇಲೆ ಸುತ್ತುತ್ತಿದ್ದವು. ನೆಲಹಲಗೆಗಳ ನಡುವೆ ಸುಮಾರು ಒಂದೂವರೆ ಅಂಗುಲದ ಸಂದು ಬಿಡಲಾಗಿತ್ತು. ಕಾಳು ಆ ಸಂದಿನಿಂದ ಕೆಳಗಿನ ಇಟ್ಟಿಗೆಯ ಕಣಜಕ್ಕೆ ಉದುರುತ್ತಿತ್ತು. ಹುಲ್ಲು ಮೇಲೆಯೇ ಉಳಿಯುತ್ತಿತ್ತು. ನೋಡಿ, ಇಲ್ಲಿ ಕಟ್ಟಡವೇ ಒಂದು ಯಂತ್ರ!

ಕೆಳಂತಸ್ತಿಗೆ 30,820 ಇಟ್ಟಿಗೆ ಬೇಕೆಂದು ವಾಷಿಂಗ್ಟನ್ ಲೆಕ್ಕ ಹಾಕಿದ್ದರು. ಆದರೆ ಇಟ್ಟಿಗೆಗಳನ್ನು ಲೆಕ್ಕ ಹಾಕಿದವರ ಹೆಸರು ತಿಳಿದಷ್ಟು, ಕಟ್ಟಿದವರ ಹೆಸರು ನಮಗೆ ತಿಳಿದಿಲ್ಲ. 1795ರಲ್ಲಿ ಪೂರ್ಣಗೊಂಡ ಈ ಕಟ್ಟಡದಲ್ಲಿ ಬೆವರು ಸುರಿಸಿದವರು ಎಸ್ಟೇಟಿನ ಗುಲಾಮರು. 1799ರಲ್ಲಿ ಅಲ್ಲಿದ್ದ ಗುಲಾಮರ ಸಂಖ್ಯೆ 317. ಸ್ವಾತಂತ್ರ್ಯ ಸಮರದ ನಾಯಕನ ಹೊಲದಲ್ಲಿ ದುಡಿದವರಿಗೆ ಸ್ವಾತಂತ್ರ್ಯವಿರಲಿಲ್ಲ. ಕಟ್ಟಡದ ಜಾಣ್ಮೆಯನ್ನು ಮೆಚ್ಚುವಾಗ ಈ ಸಂಗತಿಯನ್ನು ಮರೆಯಬಾರದು.

ಮೂಲ ಕಟ್ಟಡ ಹತ್ತೊಂಬತ್ತನೆಯ ಶತಮಾನದಲ್ಲಿ ಅಳಿದುಹೋಯಿತು. ವಾಷಿಂಗ್ಟನ್ನರ ನಕ್ಷೆ ಹಾಗೂ ಹಳೆಯ ಛಾಯಾಚಿತ್ರದ ಆಧಾರದಿಂದ 1996ರಲ್ಲಿ ಅದನ್ನು ಮೌಂಟ್ ವರ್ನನ್ನಿನಲ್ಲಿ ಮತ್ತೆ ಕಟ್ಟಲಾಯಿತು.

ಮಿತ್ರರೇ, ನಿಮ್ಮ ಊರಿನಲ್ಲಿಯೂ ಹಳೆಯ ಕಣಜವೋ, ಹಗೇವೋ, ಕೊಟ್ಟಿಗೆಯೋ ಇರಬಹುದು. ಅದು ಬೀಳುವ ಮುನ್ನ ಹೋಗಿ ನೋಡಿ, ಅಳತೆ ತೆಗೆದು ನಕ್ಷೆ ಬರೆಯಿರಿ. ಎರಡು ಪ್ರಶ್ನೆ ಕೇಳುವುದನ್ನು ಮರೆಯಬೇಡಿ: ಈ ಆಕಾರ ಯಾವ ಕೆಲಸಕ್ಕಾಗಿ ಬಂತು? ಆ ಕೆಲಸ ಮಾಡಿದ ಕೈಗಳು ಯಾರವು?