ಊರಿನ ರಸ್ತೆ, ರಸ್ತೆಯ ಮೇಲಿನ ತಂತಿ
(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಶಿಬಿರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಈ ಅವಧಿಗೆ ನನಗೆ ವಹಿಸಿರುವ ವಿಷಯ 'ರಾಜ್ಯದ ಸಾರಿಗೆ ಮತ್ತು ಇಂಧನ ಮೂಲಸೌಕರ್ಯ' ಎಂಬುದಾಗಿದೆ. ವಿಷಯ ದೊಡ್ಡದು. ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯನ್ನು ತಲುಪಿತು; 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಬೆಳಗಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1,035 ಮೆಗಾವ್ಯಾಟ್. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಇವೆಲ್ಲವೂ ನಾವು ಹೆಮ್ಮೆಪಡಬೇಕಾದ ಸಂಗತಿಗಳೇ. ಆದರೆ ಇವುಗಳಲ್ಲಿ ಒಂದರ ಬಗೆಗೂ ಗ್ರಾಮ ಪಂಚಾಯತಿಯ ಸಭೆಯಲ್ಲಿ ನಿರ್ಣಯ ಕೈಗೊಳ್ಳುವ ಪ್ರಸಂಗ ಬರುವುದಿಲ್ಲ. ಆದುದರಿಂದ ತಮ್ಮ ಸಹಿಯಿಂದ, ತಮ್ಮ ನಿರ್ಣಯದಿಂದ ಬದಲಾಗಬಲ್ಲ ಒಂದೇ ಒಂದು ಜಾಗದ ಬಗ್ಗೆ ಇಂದು ಮಾತನಾಡುತ್ತೇನೆ. ಅದು ನಮ್ಮ ಊರಿನ ರಸ್ತೆಗೂ ಅದರ ಮೇಲೆ ಹಾದುಹೋಗುವ ವಿದ್ಯುತ್ ತಂತಿಗೂ ನಡುವೆ ಇರುವ ಅಂತರ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಪಂಚಾಯತಿಯ ಒಂದು ಗ್ರಾಮದಲ್ಲಿ ಸುಗ್ಗಿಯ ಕಾಲದಲ್ಲಿ ಒಣಹುಲ್ಲು ತುಂಬಿದ ಟ್ರ್ಯಾಕ್ಟರೊಂದು ಊರೊಳಗೆ ಬಂತು. ಅದೇ ರೈತರು, ಅದೇ ಟ್ರೈಲರಿನಲ್ಲಿ, ಅದೇ ದಾರಿಯಲ್ಲಿ ಎಷ್ಟೋ ವರ್ಷಗಳಿಂದ ಹುಲ್ಲು ತಂದವರು. ಆ ದಿನ ರಸ್ತೆಗೆ ಅಡ್ಡಲಾಗಿದ್ದ ತಂತಿ ಹುಲ್ಲಿಗೆ ತಗುಲಿತು. ಎರಡು ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಹಾರಿ, ಹುಲ್ಲು ಹೊತ್ತಿಕೊಂಡಿತು. ಮೇಲೆ ಕುಳಿತಿದ್ದ ಯುವಕ ಜಿಗಿದು ಕಾಲು ಮುರಿದುಕೊಂಡರು, ಜೀವ ಉಳಿಯಿತು. ಮರುದಿನ ಎಲ್ಲರೂ ಒಬ್ಬರನ್ನೊಬ್ಬರು ದೂರಿದರು. ಹುಲ್ಲು ಎತ್ತರಕ್ಕೆ ಪೇರಿಸಿದ್ದೇ ತಪ್ಪು ಎಂದು ಕೆಲವರು, ತಂತಿ ಜೋತುಬಿದ್ದದ್ದೇ ತಪ್ಪು ಎಂದು ಕೆಲವರು. ನಾನು ಅಳತೆಯ ಟೇಪು ಹಿಡಿದು ಸ್ಥಳಕ್ಕೆ ಹೋದೆ. ತಂತಿ ಹೆಚ್ಚೇನೂ ಜೋತುಬಿದ್ದಿರಲಿಲ್ಲ. ಹುಲ್ಲೂ ಎಂದಿನಷ್ಟೇ ಇತ್ತು. ಮೇಲೆ ಬಂದದ್ದು ರಸ್ತೆ.

ಹತ್ತು ವರ್ಷಗಳ ಅವಧಿಯಲ್ಲಿ ಆ ರಸ್ತೆಗೆ ಎರಡು ಬಾರಿ ಕಾಂಕ್ರೀಟು ಹಾಕಲಾಗಿತ್ತು. ಎರಡು ಬಾರಿಯೂ ಹಳೆಯದನ್ನು ತೆಗೆಯದೆ ಅದರ ಮೇಲೆಯೇ ಹಾಕಲಾಗಿತ್ತು. ಕೆಳಗಿನ ಜಲ್ಲಿಯ ಪದರವನ್ನೂ ಸೇರಿಸಿದರೆ ರಸ್ತೆ ಸುಮಾರು 45 ಸೆಂಟಿಮೀಟರ್ ಏರಿತ್ತು. ರಸ್ತೆ ಏರಿದ್ದು ಊರಿನವರಿಗೆ ತಿಳಿದಿರಲಿಲ್ಲವೆಂದಲ್ಲ. ಮಳೆಯ ನೀರು ಮನೆಯ ಹೊಸ್ತಿಲು ದಾಟಿ ಒಳಗೆ ಬರತೊಡಗಿದಾಗ ಎರಡು ಗ್ರಾಮಸಭೆಗಳಲ್ಲಿ ದೊಡ್ಡ ಗಲಾಟೆಯೇ ಆಗಿತ್ತು. ಎಲ್ಲರೂ ಕೆಳಗೆ ನೋಡಿದೆವು, ಯಾರೂ ಮೇಲೆ ನೋಡಲಿಲ್ಲ. ಎರಡನೆಯ ಕಾಮಗಾರಿಯ ಕಡತದಲ್ಲಿ ನನ್ನ ಸಹಿಯೂ ಇದೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಎಂಜಿನಿಯರಿಂಗ್ ಓದಿದವನಾಗಿಯೂ ನಾನು ಆ ಅಂದಾಜುಪಟ್ಟಿಯಲ್ಲಿ ಕಾಂಕ್ರೀಟಿನ ದಪ್ಪವನ್ನು ನೋಡಿದೆನೇ ಹೊರತು ಆ ದಪ್ಪವನ್ನು ಯಾವುದರಿಂದ ಕಳೆಯಬೇಕೆಂದು ಯೋಚಿಸಲಿಲ್ಲ.

ಲೆಕ್ಕ ಸರಳವಾಗಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ರಸ್ತೆಗೆ ಅಡ್ಡಲಾಗಿ ಹೋಗುವ ಎಲ್‌.ಟಿ. ತಂತಿ, ಅಂದರೆ ನಮ್ಮ ಮನೆಗಳಿಗೆ ವಿದ್ಯುತ್ ಕೊಡುವ ತಂತಿ, ನೆಲದಿಂದ ಕನಿಷ್ಠ 5.8 ಮೀಟರ್ ಎತ್ತರದಲ್ಲಿರಬೇಕು. ರಸ್ತೆಯ ಉದ್ದಕ್ಕೆ ಹೋಗುವುದಾದರೆ 5.5 ಮೀಟರ್. 11 ಕೆ.ವಿ. ಮಾರ್ಗಕ್ಕೆ ಇವು ಕ್ರಮವಾಗಿ 6.1 ಮತ್ತು 5.8 ಮೀಟರ್. ಈ ಎತ್ತರವನ್ನು ಅಳೆಯಬೇಕಾದದ್ದು ಎರಡು ಕಂಬಗಳ ನಡುವೆ ತಂತಿ ಅತಿ ಹೆಚ್ಚು ಬಾಗಿರುವ ಜಾಗದಲ್ಲಿ. ಬೇಸಿಗೆಯಲ್ಲಿ ಲೋಹ ಹಿಗ್ಗಿ ತಂತಿ ಇನ್ನಷ್ಟು ಬಾಗುತ್ತದೆ. ಎಂಟು ಮೀಟರ್ ಉದ್ದದ ಕಂಬವನ್ನು ನೆಟ್ಟಾಗ ಅದರ ಆರನೆಯ ಒಂದು ಭಾಗ ನೆಲದೊಳಗೆ ಹೋಗುತ್ತದೆ. ಮೇಲೆ ಉಳಿಯುವುದು ಸುಮಾರು 6.7 ಮೀಟರ್. ತಂತಿಯ ಬಾಗನ್ನು ಕಳೆದ ಮೇಲೆ ನಡುವಿನಲ್ಲಿ ಆರು ಮೀಟರಿನಷ್ಟು ಸಿಕ್ಕಿತೆಂದುಕೊಳ್ಳೋಣ. ನಿಯಮಕ್ಕಿಂತ ಹೆಚ್ಚಾಗಿ ಉಳಿದದ್ದು 20 ಸೆಂಟಿಮೀಟರ್ ಮಾತ್ರ. ಒಂದೇ ಒಂದು ಕಾಂಕ್ರೀಟು ಕಾಮಗಾರಿ ಅದನ್ನು ನುಂಗಿಬಿಡುತ್ತದೆ. ಎರಡನೆಯ ಕಾಮಗಾರಿಯ ನಂತರ ಆ ತಂತಿ, ಒಂದು ಇಂಚೂ ಕದಲದೆ, ನಿಯಮಬಾಹಿರ ತಂತಿಯಾಗಿಬಿಡುತ್ತದೆ. ಹುಲ್ಲಿನ ಹೊರೆ, ಕಬ್ಬಿನ ಗಾಡಿ, ಬೋರ್‌ವೆಲ್ ಲಾರಿ, ಜಾತ್ರೆಯ ತೇರು ಎಲ್ಲವೂ ಅದೇ ರಸ್ತೆಯಲ್ಲಿಯೇ ಬರಬೇಕು.

ಈ ಅಂತರವನ್ನು ನೋಡಿಕೊಳ್ಳಬೇಕಾದವರು ಯಾರು? ರಸ್ತೆ ಮಾಡುವವರು ಒಂದು ಇಲಾಖೆಯವರು. ಅವರ ಅಳತೆ ಪುಸ್ತಕದಲ್ಲಿ ಉದ್ದ, ಅಗಲ, ದಪ್ಪ ಇರುತ್ತದೆ. ತಂತಿ ಎಳೆದವರು ವಿದ್ಯುತ್ ಸರಬರಾಜು ಕಂಪನಿಯವರು. ತಂತಿ ಎಳೆದ ದಿನ ಅವರ ಎತ್ತರ ಸರಿಯಾಗಿಯೇ ಇತ್ತು. ಕುಡಿಯುವ ನೀರಿನ ಕೊಳವೆ ಹಾಕುವವರು ಮೂರನೆಯವರು. ಅವರು ರಸ್ತೆ ಮುಗಿದ ಮೇಲೆ ಬಂದು ಅದನ್ನು ಅಗೆಯುತ್ತಾರೆ. ಇವರಲ್ಲಿ ಯಾರೂ ತಮ್ಮ ಕೆಲಸವನ್ನು ತಪ್ಪಾಗಿ ಮಾಡಿದರೆಂದು ಕಾಗದದ ಮೇಲೆ ಸಾಧಿಸಲಾಗದು. ಈ ಮೂರು ಕೆಲಸಗಳನ್ನೂ ಒಟ್ಟಿಗೆ ನೋಡುವ ವ್ಯಕ್ತಿ ಆ ಬೀದಿಯಲ್ಲಿಯೇ ವಾಸವಾಗಿರುವ ವಾರ್ಡಿನ ಸದಸ್ಯರು ಮಾತ್ರ. ಕ್ರಿಯಾಯೋಜನೆಗೆ ಅನುಮೋದನೆ ನೀಡುವ ದಿನ ತಾವು ಕೇಳಬೇಕಾದ ಪ್ರಶ್ನೆಗಳು ಎರಡೇ: ಹಳೆಯ ಪದರವನ್ನು ತೆಗೆಯಲು ಅಂದಾಜಿನಲ್ಲಿ ಅವಕಾಶವಿದೆಯೇ? ಈ ಬೀದಿಯ ಕಂಬ, ತಂತಿಗಳ ಸ್ಥಿತಿಯ ಬಗ್ಗೆ ವಿದ್ಯುತ್ ಕಂಪನಿಯ ಶಾಖಾಧಿಕಾರಿಗಳಿಂದ ಪತ್ರ ಬಂದಿದೆಯೇ? ಕಂಬ ಬದಲಿಸುವ ವೆಚ್ಚವನ್ನು ಸಾಮಾನ್ಯವಾಗಿ ಕೋರಿದವರೇ ಭರಿಸಬೇಕಾಗುತ್ತದೆ. ಆದುದರಿಂದ ಆ ಮೊತ್ತ ಮೊದಲೇ ಅಂದಾಜಿನಲ್ಲಿ ಸೇರಿರದಿದ್ದರೆ ಮುಂದೆ ಅದು ಎಲ್ಲಿಂದಲೂ ಬರುವುದಿಲ್ಲ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದು ಮಾತಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 58ನೇ ಪ್ರಕರಣದಂತೆ ಬೀದಿದೀಪದ ಹೊಣೆ ನಮ್ಮದು. ಆದರೆ ದೀಪ ತೂಗುವ ಕಂಬ ನಮ್ಮದಲ್ಲ. ಅನೇಕ ಗ್ರಾಮಗಳಲ್ಲಿ ಬೀದಿದೀಪಕ್ಕೆಂದು ಪ್ರತ್ಯೇಕ ತಂತಿಯೂ ಇಲ್ಲ, ಸ್ವಿಚ್ಚೂ ಇಲ್ಲ, ಮೀಟರೂ ಇಲ್ಲ. ಹಗಲಿನಲ್ಲಿಯೂ ದೀಪ ಉರಿಯುತ್ತದೆ. 20 ವ್ಯಾಟಿನ 200 ದೀಪಗಳು ಹಗಲಿನ ಹನ್ನೆರಡು ಗಂಟೆ ಉರಿದರೆ ದಿನಕ್ಕೆ 48 ಯೂನಿಟ್, ತಿಂಗಳಿಗೆ 1,440 ಯೂನಿಟ್ ವ್ಯರ್ಥ. ಹಣದ ನಷ್ಟವನ್ನಾದರೂ ಹೇಗೋ ಸಹಿಸಬಹುದು. ಸ್ವಿಚ್ಚಿಲ್ಲದ ಬೀದಿಯಲ್ಲಿ ಒಂದು ಬಲ್ಬು ಬದಲಿಸಬೇಕಾದರೆ ಜೀವಂತ ತಂತಿಯ ಪಕ್ಕದಲ್ಲಿಯೇ ಕೈಯಾಡಿಸಬೇಕು.

ಆ ಕೈ ಯಾರದು? ನಮ್ಮ ನೀರುಗಂಟಿಯದು. ಸಂಜೆ ಸದಸ್ಯರು ದೂರವಾಣಿ ಮಾಡುತ್ತಾರೆ, "ನಾಳೆ ನಮ್ಮ ಬೀದಿಯಲ್ಲಿ ಮದುವೆ ಇದೆ, ಇವತ್ತೇ ದೀಪ ಉರಿಯಬೇಕು." ನಾನು ನೀರುಗಂಟಿಗೆ ಹೇಳುತ್ತೇನೆ. ಅವರು ಇಲ್ಲ ಎನ್ನುವ ಸ್ಥಿತಿಯಲ್ಲಿ ಇರುವುದಿಲ್ಲ. ಏಣಿ ತೆಗೆದುಕೊಂಡು ಹೊರಡುತ್ತಾರೆ. ಅವರಿಗೆ ಕೈಗವಸು ಇಲ್ಲ, ಅಧಿಕೃತ ಪರವಾನಗಿ ಇಲ್ಲ. ಟ್ರಾನ್ಸ್‌ಫಾರ್ಮರ್ ಆಫ್ ಮಾಡಿದರೆ ಸಾಕು ಎಂಬುದೂ ಸರಿಯಲ್ಲ. ಯಾರದೋ ಮನೆಯ ಜನರೇಟರು ಸರಿಯಾದ ಚೇಂಜ್‌ಓವರ್ ಸ್ವಿಚ್ಚಿಲ್ಲದೆ ಚಾಲೂ ಆಗಿದ್ದರೆ ವಿದ್ಯುತ್ತು ಹಿಮ್ಮುಖವಾಗಿ ತಂತಿಗೆ ಬರಬಲ್ಲದು. ಅದಕ್ಕೆಂದೇ ಲೈನ್‌ಮನ್‌ಗಳು ಲೈನ್ ಕ್ಲಿಯರ್ ಪಡೆದು, ತಂತಿಯನ್ನು ಅರ್ಥಿಂಗ್ ಮಾಡಿ, ಆಮೇಲೆ ಕಂಬ ಮುಟ್ಟುತ್ತಾರೆ. ಈ ಕ್ರಮ ನಮ್ಮ ನೀರುಗಂಟಿಗೆ ಅನ್ವಯಿಸುವುದಿಲ್ಲವೆಂದು ನಾವು ಯಾವ ಧೈರ್ಯದಿಂದ ಭಾವಿಸಿದ್ದೇವೆ? ದೀಪ ಎರಡು ದಿನ ಉರಿಯದಿದ್ದರೆ ಬೀದಿಯ ಜನ ಸದಸ್ಯರನ್ನು ಬೈಯುತ್ತಾರೆ, ನಿಜ. ಬೈಸಿಕೊಳ್ಳೋಣ. ನಾನೂ ತಮ್ಮ ಜೊತೆ ಬೈಸಿಕೊಳ್ಳುತ್ತೇನೆ. ಈಗಿನ ನನ್ನ ಪಂಚಾಯತಿಯಲ್ಲಿ ನೀರುಗಂಟಿಗಳು ಕಂಬ ಹತ್ತಬಾರದೆಂದು ಸಾಮಾನ್ಯ ಸಭೆಯ ನಿರ್ಣಯವಾಗಿದೆ. ದೀಪ ನಿರ್ವಹಣೆಯನ್ನು ಪರವಾನಗಿ ಹೊಂದಿದ ವಿದ್ಯುತ್ ಗುತ್ತಿಗೆದಾರರಿಗೆ ವಹಿಸಲಾಗಿದೆ.

ಕೊನೆಯದಾಗಿ, ನಾವು ಮಾಡಿಕೊಂಡಿರುವ ಒಂದು ಸಣ್ಣ ವ್ಯವಸ್ಥೆಯನ್ನು ತಿಳಿಸುತ್ತೇನೆ. ತಂತಿಯ ಎತ್ತರವನ್ನು ತಾವು ಕೋಲಿನಿಂದಾಗಲಿ ಟೇಪಿನಿಂದಾಗಲಿ ಅಳೆಯಲು ಎಂದಿಗೂ ಹೋಗಕೂಡದು. ಅದು ಲೈನ್‌ಮನ್‌ಗಳ ಕೆಲಸ. ಆದರೆ ರಸ್ತೆ ಎಷ್ಟು ಏರಿತೆಂಬುದನ್ನು ಯಾರು ಬೇಕಾದರೂ ತಿಳಿಯಬಹುದು. ವಿದ್ಯುತ್ ಕಂಪನಿಯವರ ಒಪ್ಪಿಗೆ ಪಡೆದು, ರಸ್ತೆ ದಾಟುವ ಪ್ರತಿ ತಂತಿಯ ಎರಡೂ ಕಂಬಗಳ ಮೇಲೆ, ರಸ್ತೆಯ ಮಟ್ಟದಿಂದ ಸರಿಯಾಗಿ ಒಂದು ಮೀಟರ್ ಎತ್ತರಕ್ಕೆ ಹಳದಿ ಬಣ್ಣದ ಗೆರೆ ಎಳೆಸಿದ್ದೇವೆ. ಕಂಬದ ಸಂಖ್ಯೆ, ದಿನಾಂಕ, ಲೈನ್‌ಮನ್ ಅಳೆದುಕೊಟ್ಟ ತಂತಿಯ ಎತ್ತರ ಇಷ್ಟನ್ನು ಒಂದು ವಹಿಯಲ್ಲಿ ಬರೆದಿದ್ದೇವೆ. ಕಾಮಗಾರಿಯ ನಂತರ ಗೆರೆ ರಸ್ತೆಯಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳೆದರೆ ಸಾಕು. ಒಂದು ಮೀಟರಿಗೆ ಎಷ್ಟು ಕಡಿಮೆಯೋ ತಂತಿ ಅಷ್ಟು ಹತ್ತಿರ ಬಂದಿದೆ. ಒಂದು ಡಬ್ಬಿ ಬಣ್ಣ, ಎರಡು ದಿನದ ಕೂಲಿ, ಇದಿಷ್ಟೇ ಖರ್ಚು. ಕಳೆದ ವರ್ಷ ಶಾಲೆಯ ಮುಂದಿನ ರಸ್ತೆಯಲ್ಲಿ ಗೆರೆ 82 ಸೆಂಟಿಮೀಟರಿಗೆ ಇಳಿದಿತ್ತು. ಅದನ್ನು ಮೊದಲು ಕಂಡವರು ಆ ವಾರ್ಡಿನ ಮಹಿಳಾ ಸದಸ್ಯರು. ಅಲ್ಲಿಗೆ ಒಂಬತ್ತು ಮೀಟರಿನ ಎರಡು ಕಂಬಗಳನ್ನು ಕೋರಿ ಪತ್ರ ಹೋಗಿದೆ. ಅವು ಬರುವವರೆಗೆ ಆ ಬೀದಿಯ ಎರಡೂ ತುದಿಯಲ್ಲಿ ಎತ್ತರದ ಹೊರೆ ಒಳಗೆ ಬಾರದಂತೆ ಫಲಕ ಹಾಕಿದ್ದೇವೆ. ಈ ಸುಗ್ಗಿಯಲ್ಲಿ ಹುಲ್ಲಿನ ಗಾಡಿಗಳು ಕೆರೆ ಏರಿಯ ದಾರಿಯಿಂದ ಸುತ್ತಿ ಬರುತ್ತಿವೆ.