ಸಂತೆಯ ಲೆಕ್ಕದಿಂದ ದೇಶದ ಲೆಕ್ಕಕ್ಕೆ

(ಮಸೂತಿಯಲ್ಲಿ ನಡೆದ ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಅರ್ಥಶಾಸ್ತ್ರ ಉಪನ್ಯಾಸಕರು ಮಾಡಿದ ಭಾಷಣ)





ಹೋದ ವರ್ಷ ಅರ್ಜಿಗಳನ್ನು ನೋಡುವಾಗ ಹಿರಿಯ ದಾನಿಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು: "ಮಾಸ್ತರ, ಡಾಕ್ಟರಕಿ, ಇಂಜಿನಿಯರಿಂಗ್ ಓದೋರಿಗೆ ಕೊಟ್ರ ತಿಳೀತೈತಿ. ಈ ಆರ್ಟ್ಸು, ಕಾಮರ್ಸು ಹುಡುಗರಿಗೆ ಕೊಟ್ಟು ಏನ್ ಬರ್ತೈತ್ರಿ?" ಅಂದು ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಅವರು ಇಂದು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಹೆಸರು ಹೇಳುವುದಿಲ್ಲ, ಆದರೆ ಉತ್ತರ ಅವರಿಗೇ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಪಿಯುಸಿ ಎರಡನೇ ವರ್ಷದ ಸಮಗ್ರ ಅರ್ಥಶಾಸ್ತ್ರವನ್ನು ನಾನು ಹಲವು ವರ್ಷ ನೋಟ್ಸ್ ಬರೆಸಿಯೇ ಕಲಿಸಿದೆ. 1929ರ ಮಹಾ ಆರ್ಥಿಕ ಕುಸಿತ, 1936ರಲ್ಲಿ ಬಂದ ಕೇನ್ಸ್ ಅವರ ಪುಸ್ತಕ, ರಾಷ್ಟ್ರೀಯ ಆದಾಯ, ಗುಣಕ, ಹಣದುಬ್ಬರ. ಮಕ್ಕಳು ಬಾಯಿಪಾಠ ಮಾಡಿ ಬರೆದರು, ಕೆಲವರು ಒಳ್ಳೆಯ ಅಂಕವನ್ನೂ ತೆಗೆದರು. ಆದರೆ ಕೇನ್ಸ್ ಯಾರು ಎಂದು ಬರೆದ ಹುಡುಗನಿಗೆ, ತನ್ನ ಅಣ್ಣ ಗೋವಾದಲ್ಲಿ ಗೌಂಡಿ ಕೆಲಸವಿಲ್ಲದೆ ಎರಡು ತಿಂಗಳು ಕೂತದ್ದಕ್ಕೂ ಆ ಪಾಠಕ್ಕೂ ಸಂಬಂಧ ಉಂಟೆಂದು ನಾನು ಹೇಳಿಕೊಟ್ಟಿರಲಿಲ್ಲ.

ಪಾಠ ಬದಲಾದದ್ದು ಒಂದು ಪ್ರಶ್ನೆಯಿಂದ. ನಮ್ಮ ಭಾಗದಲ್ಲಿ ಯೋಜನೆಗಳಿಗೆ ಜಮೀನು ಕೊಟ್ಟ ಮನೆಗಳು ಬಹಳ. ಆಲಮಟ್ಟಿಯ ಹಿನ್ನೀರಿಗೆ ಕೊಟ್ಟವರಿದ್ದಾರೆ, ಕೂಡಗಿ ವಿದ್ಯುತ್ ಸ್ಥಾವರಕ್ಕೆ ಕೊಟ್ಟವರಿದ್ದಾರೆ, ರಸ್ತೆಗೆ ಕೊಟ್ಟವರೂ ಇದ್ದಾರೆ. ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂಡುತ್ತಿದ್ದ ಹುಡುಗನೊಬ್ಬ ಎದ್ದು ಕೇಳಿದ: "ಸರ್, ನಮ್ಮ ಹೊಲ ಹೋತು, ಪರಿಹಾರದ ರೊಕ್ಕ ಬಂತು. ಆ ವರ್ಷ ರಾಷ್ಟ್ರೀಯ ಆದಾಯ ಹೆಚ್ಚಾತೇನ್ರಿ?" ಕ್ಲಾಸು ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಅಧ್ಯಾಯದಲ್ಲಿ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ.

ಉತ್ತರ: ಇಲ್ಲ. ಹೊಲ ಮೊದಲೂ ಇತ್ತು, ಈಗಲೂ ಇದೆ. ಉತಾರದಲ್ಲಿ ಹೆಸರು ಬದಲಾಯಿತು, ಅಷ್ಟೆ. ಹೊಸದಾಗಿ ಏನೂ ಉತ್ಪಾದನೆ ಆಗಲಿಲ್ಲ. ಆಸ್ತಿ ಇದ್ದದ್ದು ರೊಕ್ಕವಾಗಿ ರೂಪ ಬದಲಿಸಿತು. ಆ ರೊಕ್ಕದಿಂದ ಮನೆ ಕಟ್ಟಿಸಿದರೆ ಗೌಂಡಿಯ ಕೂಲಿ, ಇಟ್ಟಿಗೆ, ಸಿಮೆಂಟು ಲೆಕ್ಕಕ್ಕೆ ಬರುತ್ತವೆ. ಹೊಸ ಮೋಟಾರ್ ಸೈಕಲ್ ಕೊಂಡರೆ ಅದನ್ನು ತಯಾರಿಸಿದ್ದು ಬರುತ್ತದೆ, ಹಳೆಯದು ಕೊಂಡರೆ ದಲ್ಲಾಳಿಯ ಕಮಿಷನ್ ಮಾತ್ರ. ಮದುವೆ ಮಾಡಿದರೆ ಶಾಮಿಯಾನದವನ ಬಾಡಿಗೆ, ಅಡುಗೆಯವನ ದುಡಿಮೆ ಬರುತ್ತವೆ. ಹೊಲದ ಬೆಲೆ ಮಾತ್ರ ಆದಾಯ ಅಲ್ಲ. ಆದರೆ ಆ ಹೊಲ ವರ್ಷವರ್ಷ ಕೊಡುತ್ತಿದ್ದ ಬಿಳಿಜೋಳ, ತೊಗರಿ ಆದಾಯವಾಗಿತ್ತು, ಅದು ನಿಂತಿತು.

ಹುಡುಗ ಇದನ್ನು ನೋಟಬುಕ್ಕಿನಲ್ಲಿ ಬರೆದುಕೊಂಡು ಮನೆಯಲ್ಲಿ ಓದಿ ಹೇಳಿದನಂತೆ. ತಂದೆ ಬಹಳ ಹೊತ್ತು ಮಾತಾಡಲಿಲ್ಲವಂತೆ. ಆಮೇಲೆ, "ಇದನ್ನ ರೊಕ್ಕ ಬಂದ ವರ್ಷ ಯಾರರೆ ಹೇಳಿದ್ರ ಆಗ್ತಿತ್ತು" ಅಂದರಂತೆ.

ಅಂದಿನಿಂದ ಪುಸ್ತಕದ ಪ್ರತಿಯೊಂದು ಅಧ್ಯಾಯಕ್ಕೂ ನಮ್ಮ ಸುತ್ತಿನ ಒಂದು ವ್ಯಾಪಾರ ಹುಡುಕುತ್ತೇನೆ. ಮೌಲ್ಯವರ್ಧನೆ ಕಲಿಸಲು ನನಗೆ ಒಣದ್ರಾಕ್ಷಿ ಸಾಕು. ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಒಣದ್ರಾಕ್ಷಿ. ಹಸಿ ಹಣ್ಣಿನ ಬೆಲೆಯನ್ನೂ ಒಣ ಹಣ್ಣಿನ ಬೆಲೆಯನ್ನೂ ಕೂಡಿಸಿದರೆ ಒಂದೇ ಹಣ್ಣನ್ನು ಎರಡು ಸಲ ಎಣಿಸಿದಂತೆ. ಒಣಗಿಸಿದವನು ಹೆಚ್ಚಿಸಿದ್ದೆಷ್ಟೋ ಅಷ್ಟನ್ನೇ ಕೂಡಿಸಬೇಕು. ಇದಕ್ಕೆ ಐದು ನಿಮಿಷ.

ರೊಟ್ಟಿಗೆ ಮಾತ್ರ ಒಂದು ಪೂರ್ತಿ ಪೀರಿಯಡ್ ಬೇಕಾಯಿತು. ರೈತ ಮನೆಗೆಂದು ಇಟ್ಟುಕೊಂಡ ಜೋಳ, ಮಾರದಿದ್ದರೂ, ಜಿಡಿಪಿಯಲ್ಲಿ ಅಂದಾಜು ಮಾಡಿ ಸೇರಿಸುತ್ತಾರೆ. ಆದರೆ ಅದೇ ಜೋಳವನ್ನು ತಾಯಿ ಬೆಳಗಿನ ಜಾವ ಎದ್ದು ಬಡಿದು ರೊಟ್ಟಿ ಮಾಡಿದ ದುಡಿಮೆ ಸೇರುವುದಿಲ್ಲ. ಅದೇ ತಾಯಿ ಖಾನಾವಳಿಗೆ ರೊಟ್ಟಿ ಮಾಡಿ ಕೊಟ್ಟರೆ ಸೇರುತ್ತದೆ! "ಹಂಗಂದ್ರ ನಮ್ಮ ಅಮ್ಮಿ ಬಾಜೂಮನಿಗೆ ರೊಟ್ಟಿ ಮಾರಿ, ಬಾಜೂಮನಿಯವರು ನಮಗ ಮಾರಿದ್ರ ದೇಶ ಮುಂದ ಬರ್ತದೇನ್ರಿ?" ಎಂದಳು ಒಬ್ಬಳು. ಲೆಕ್ಕದಲ್ಲಿ ಬರುತ್ತದಮ್ಮ, ಊಟ ಮಾತ್ರ ಅಷ್ಟೇ, ಅಂದೆ. ಜಿಡಿಪಿ ಏನನ್ನು ಅಳೆಯುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ಆ ಹುಡುಗಿಯರು ಇನ್ನು ಮರೆಯಲಾರರು.

ಹಣದುಬ್ಬರಕ್ಕೆ ಉಳ್ಳಾಗಡ್ಡಿ. 2023ರ ಜುಲೈಯಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇಕಡಾ 7.44ಕ್ಕೆ ಏರಿತ್ತು. ರಿಸರ್ವ್ ಬ್ಯಾಂಕಿಗೆ ಕೊಟ್ಟ ಗುರಿ ಶೇಕಡಾ 4, ಮೇಲಿನ ಮಿತಿ 6. ಆಗಸ್ಟಿನಲ್ಲಿ ಕೇಂದ್ರ ಸರಕಾರ ಉಳ್ಳಾಗಡ್ಡಿ ರಫ್ತಿನ ಮೇಲೆ ಶೇಕಡಾ 40 ಸುಂಕ ಹಾಕಿತು, ಡಿಸೆಂಬರ್ 8ರಿಂದ ರಫ್ತನ್ನೇ ನಿಲ್ಲಿಸಿತು, 2024ರ ಮೇ ತಿಂಗಳಲ್ಲಿ ಮತ್ತೆ ಬಿಟ್ಟಿತು. ನನ್ನ ತರಗತಿಯಲ್ಲಿ ಒಬ್ಬಳ ತಂದೆ ಉಳ್ಳಾಗಡ್ಡಿ ಬೆಳೆದಿದ್ದರು, ಇನ್ನೊಬ್ಬನ ತಂದೆಯದು ಮಿರ್ಚಿ ಭಜಿ ಗಾಡಿ. ಇಬ್ಬರನ್ನೂ ಹಲಗೆಯ ಮುಂದೆ ನಿಲ್ಲಿಸಿ ಮನೆಯ ಲೆಕ್ಕ ಬರೆಯಲು ಹೇಳಿದೆ. ಬೆಲೆ ಇಳಿದ ವಾರ ಒಂದು ಮನೆಯಲ್ಲಿ ಉಸಿರು ಬಿಟ್ಟರು, ಇನ್ನೊಂದು ಮನೆಯಲ್ಲಿ ಚೀಲದ ಬಾಡಿಗೆಯೂ ಹುಟ್ಟಲಿಲ್ಲ. ಬೆಲೆ ಸೂಚ್ಯಂಕ ಕೊಳ್ಳುವವನ ಬುಟ್ಟಿಯನ್ನು ಅಳೆಯುತ್ತದೆ, ಬೆಳೆದವನ ಚೀಲವನ್ನಲ್ಲ. 2012ರ ಆಧಾರ ವರ್ಷದ ಸೂಚ್ಯಂಕದಲ್ಲಿ ಹಳ್ಳಿಯ ಬುಟ್ಟಿಯ ಅರ್ಧಕ್ಕಿಂತ ಹೆಚ್ಚು ಭಾಗ ಊಟದ ಸಾಮಾನೇ, ಸುಮಾರು ಶೇಕಡಾ 54. ಹಾಗಾಗಿ ಸಂತೆಯಲ್ಲಿ ಬೆಲೆ ಏರಿದರೆ ದಿಲ್ಲಿಯಲ್ಲಿ ಗಾಬರಿ. ಸರಕಾರ ಮಾಡಿದ್ದು ಸರಿಯೋ ತಪ್ಪೋ ಎಂದು ಮಕ್ಕಳು ಜಗಳವಾಡಿದರು. ಆಡಲಿ ಎಂದು ಬಿಟ್ಟೆ.

ಗುಣಕಕ್ಕೆ ಗೃಹಲಕ್ಷ್ಮಿಯ 2000 ರೂಪಾಯಿ. ಪುಸ್ತಕದಲ್ಲಿ ಸೂತ್ರ ಇದೆ: ಜನ ನೂರರಲ್ಲಿ ಎಂಬತ್ತು ಖರ್ಚು ಮಾಡಿದರೆ ಒಂದು ರೂಪಾಯಿ ಐದು ರೂಪಾಯಿಯ ಆದಾಯ ಹುಟ್ಟಿಸುತ್ತದೆ. ಸರಿ, ನಿಮ್ಮ ಮನೆಯ ರೊಕ್ಕ ಎಲ್ಲೆಲ್ಲಿಗೆ ಹೋಯಿತು, ಬೆನ್ನು ಹತ್ತಿ ನೋಡಿ ಬನ್ನಿ ಅಂದೆ. ಕಿರಾಣಿ ಅಂಗಡಿಗೆ ಕೊಟ್ಟ ರೊಕ್ಕದಲ್ಲಿ ಬಹುಪಾಲು ಮರುದಿನವೇ ವಿಜಯಪುರದ ಸಗಟು ಅಂಗಡಿಗೆ, ಅಲ್ಲಿಂದ ಸೊಲ್ಲಾಪುರಕ್ಕೆ, ಮುಂಬೈಗೆ. ಊರಲ್ಲಿ ಉಳಿಯುವುದು ಅಂಗಡಿಯವರ ಸಣ್ಣ ಲಾಭ. ಹೊಲಿಗೆಯ ಅಕ್ಕನಿಗೆ ಕೊಟ್ಟದ್ದು ಮಾತ್ರ ಹೆಚ್ಚುಕಡಿಮೆ ಪೂರ್ತಿ ಊರಲ್ಲೇ ಸುತ್ತುತ್ತದೆ. ಆಕೆ ಹಾಲು ಕೊಳ್ಳುತ್ತಾಳೆ, ಹಾಲಿನವನು ಹಿಂಡಿ ಕೊಳ್ಳುತ್ತಾನೆ, ಅಲ್ಲಿಗೆ ಮತ್ತೆ ಊರು ಬಿಡುತ್ತದೆ. ದೇಶಕ್ಕೆ ದೊಡ್ಡದಾದ ಗುಣಕ ಒಂದು ಹಳ್ಳಿಗೆ ಯಾಕೆ ಸಣ್ಣದು ಎಂಬುದು ಹೀಗೆ ತಿಳಿಯಿತು. ಕೂಡಗಿಯಲ್ಲಿ 2400 ಮೆಗಾವ್ಯಾಟ್ ಸಾಮರ್ಥ್ಯದ ಸ್ಥಾವರ ಇದ್ದರೂ, ಇಲ್ಲಿ ಹುಟ್ಟಿದ ಉತ್ಪನ್ನ ಬೇರೆ, ಇಲ್ಲಿನವರ ಕೈಗೆ ಬಂದ ಆದಾಯ ಬೇರೆ ಎಂಬುದನ್ನು ನಾನು ಹೇಳುವ ಮೊದಲೇ ಒಬ್ಬ ಹುಡುಗ ಹೇಳಿದ.

ರೆಪೊ ದರದ ಪಾಠ ನನಗೆ ಕಷ್ಟದ್ದು. "ನಮ್ಮ ಮನ್ಯಾಗ ಬಡ್ಡಿ ತಗೊಳ್ಳಂಗಿಲ್ಲ, ಕೊಡಂಗಿಲ್ಲ. ನಾ ಯಾಕ ಇದನ್ನ ಓದಬೇಕ್ರಿ?" ಎಂದು ಒಬ್ಬ ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ. ನಿನ್ನ ಮನೆಯ ನಿಯಮ ನಿನಗೆ ಇರಲಪ್ಪ, ಅದನ್ನು ಬಿಡಿಸಲು ನಾನು ಬಂದಿಲ್ಲ ಅಂದೆ. ಆದರೆ ರಿಸರ್ವ್ ಬ್ಯಾಂಕು ಈ ದರವನ್ನು 2023ರ ಫೆಬ್ರವರಿಯಿಂದ ಎರಡು ವರ್ಷ ಶೇಕಡಾ 6.5ರಲ್ಲಿ ಇಟ್ಟಿತ್ತು, 2025ರ ಜೂನ್ ಹೊತ್ತಿಗೆ 5.5ಕ್ಕೆ ಇಳಿಸಿತು. ದರ ಏರಿದಾಗ ಪುಣೆಯ ಬಿಲ್ಡರ್ ಸಾಲ ತೆಗೆಯಲು ಹಿಂದೆಮುಂದೆ ನೋಡುತ್ತಾನೆ, ಕಟ್ಟಡ ನಿಲ್ಲುತ್ತದೆ, ನಿನ್ನ ಅಣ್ಣ ಊರಿಗೆ ವಾಪಸ್ ಬರುತ್ತಾನೆ. ಸಾಲ ಮಾಡದವನ ಮನೆಯನ್ನೂ ಅದು ಮುಟ್ಟುತ್ತದೆ. ಹುಡುಗ ಒಪ್ಪಿದನೋ ಇಲ್ಲವೋ, ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ಪೂರ್ತಿ ಬರೆದಿದ್ದ.

ಇನ್ನು ದಾನಿಗಳಿಗೆ ಒಂದು ತಮಾಷೆಯ ಮಾತು. ನೀವು ಇಂದು ಕೊಟ್ಟ ವಿದ್ಯಾರ್ಥಿವೇತನವೂ ಜಿಡಿಪಿಯಲ್ಲಿ ಬರುವುದಿಲ್ಲ. ಜಕಾತ್, ಪಿಂಚಣಿ, ಗೃಹಲಕ್ಷ್ಮಿಯಂತೆ ಅದು ವರ್ಗಾವಣೆ ಪಾವತಿ: ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಈ ಮಕ್ಕಳು ಪುಸ್ತಕ ಕೊಂಡಾಗ, ಹಾಸ್ಟೆಲ್ ಊಟಕ್ಕೆ ಕೊಟ್ಟಾಗ ಲೆಕ್ಕಕ್ಕೆ ಬರುತ್ತದೆ. ಮುಂದಿನ ಸಾಲಿನ ಹಿರಿಯರು ಕೇಳಿದ "ಏನ್ ಬರ್ತೈತಿ" ಎಂಬುದಕ್ಕೆ ನಾನು ಸಂಬಳದ ಆಸೆ ತೋರಿಸುವುದಿಲ್ಲ. ಪರಿಹಾರದ ರೊಕ್ಕ ಬಂದ ಮನೆಯಲ್ಲಿ ಅದು ಆದಾಯವೋ ಆಸ್ತಿಯೋ ಎಂದು ಹೇಳಬಲ್ಲ ಮಗಳೊಬ್ಬಳು ಇರುತ್ತಾಳೆ, ಅಷ್ಟು ಹೇಳಬಲ್ಲೆ.

ಕೊನೆಯದಾಗಿ ಒಂದು ಬೇಡಿಕೆ. ಈ ವರ್ಷ ವಿದ್ಯಾರ್ಥಿವೇತನದ ಜೊತೆಗೆ ನನ್ನ ಮಕ್ಕಳನ್ನು ವಿಜಯಪುರದ ಎಪಿಎಂಸಿಗೆ ಒಂದು ದಿನ, ಇಂಡಿಯ ಲಿಂಬೆ ವ್ಯಾಪಾರ ನೋಡಲು ಒಂದು ದಿನ ಕರೆದೊಯ್ಯಬೇಕು. ಹುಡುಗಿಯರಿಗೆ ಸರಕಾರಿ ಬಸ್ಸು ಪುಕ್ಕಟೆ, ಹುಡುಗರ ಟಿಕೆಟ್ಟನ್ನು ಟ್ರಸ್ಟು ಕೊಡಲಿ. ಇಲ್ಲಿ ಕಿರಾಣಿ ಅಂಗಡಿಯವರು, ಅಡತಿಯವರು, ಗ್ಯಾರೇಜಿನವರು ಕೂತಿದ್ದೀರಿ. ನಿಮ್ಮಿಂದ ರೊಕ್ಕ ಬೇಡ. ಒಂದು ತಿಂಗಳ ಖಾತೆ ಪುಸ್ತಕ, ಉದ್ರಿ ಪುಟ ಸಮೇತ, ನಮ್ಮ ಮಕ್ಕಳಿಗೆ ತೋರಿಸಿ. ಹೆಸರುಗಳ ಮೇಲೆ ಕಾಗದ ಅಂಟಿಸಿ ಕೊಟ್ಟರೂ ಆದೀತು. ಸಭೆ ಮುಗಿದ ಮೇಲೆ ನಾನು ಬಾಗಿಲ ಹತ್ತಿರ ಪಟ್ಟಿ ಹಿಡಿದು ನಿಂತಿರುತ್ತೇನೆ.