ಉಂಗುರ ಅದೇ, ಅರಗು ಹೊಸದು

ಸಮುದ್ರ ದಾಟಿ ಬಂದ ಹನುಮಂತನನ್ನು ಸೀತೆ ಒಮ್ಮೆಗೇ ನಂಬಿದಳೇ? ರಾಮನ ಮುದ್ರೆಯುಂಗುರವನ್ನು ಕಂಡ ಮೇಲೆಯೇ ಆಕೆಯ ಸಂಶಯ ಪೂರ್ತಿ ತೀರಿದ್ದು. ಮನೆಯಲ್ಲಿ ಕುಳಿತು ದೂರದ ಗಣಕಯಂತ್ರವನ್ನು ಹೊಗುವವನ ಪಾಡೂ ಇದೇ. ಫಿನ್ಲೆಂಡಿನ ತಾತು ಯುಲೋನೆನ್ ಎಂಬವರು 1995ರಲ್ಲಿ ರಚಿಸಿದ ಎಸ್‌ಎಸ್‌ಎಚ್ ಎಂಬ ಕ್ರಮದಲ್ಲಿ ಈ ಉಂಗುರಕ್ಕೆ ಕೀಲಿ ಎಂದು ಹೆಸರು. ಅದರ ಗುಪ್ತಭಾಗ ನಮ್ಮಲ್ಲಿ, ಬಹಿರಂಗಭಾಗ ಅಲ್ಲಿಯ ಸರ್ವರಿನಲ್ಲಿ.

ಬಳಿಚಕ್ರದ ಮನೆಯಿಂದ ನಾನು ಹೀಗೆ ಒಂದು ಶಾಲೆಯ ಸರ್ವರನ್ನು ಹೊಕ್ಕು ಹತ್ತನೆಯ ತರಗತಿಯ ಆಂತರಿಕ ಅಂಕಗಳನ್ನು ತುಂಬುತ್ತಿದ್ದೆ. ಪಟ್ಟಿ ಮರುದಿನವೇ ಹೋಗಬೇಕು. ಆ ಸಂಜೆ ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಸರ್ವರಿನ ತಂತ್ರಾಂಶವನ್ನು ಹೊಸದಾಗಿಸಿದ. ನನಗೆ ಬಾಗಿಲು ಮುಚ್ಚಿತು. ಫೋನು ಮಾಡಿದೆ.

“ಗಾಬರಿ ಆಗಬ್ಯಾಡ್ರಿ ಸರ್, ನಾ ಇನ್ನೂ ಒಳಗೇ ಅದೀನ್ರಿ.”

“ಹಂಗಾದ್ರ ನೀ ಹೊರಗ ಬರಬ್ಯಾಡಪ್ಪಾ” ಎಂದೆ. ತಿಳಿದು ಆಡಿದ ಮಾತಲ್ಲ. ಆದರೂ ಈ ವಿದ್ಯೆಯ ಮೊದಲ ಪಾಠವೇ ಅದಂತೆ: ಹೊರಗಿನವನು ಹೊಸದಾಗಿ ಒಳಬರುವವರೆಗೆ ಒಳಗಿದ್ದವನು ಕದಲಬಾರದು.

“ಯಂತ್ರ ಏನಂತದ್ರಿ?” ಎಂದು ಕೇಳಿದ. ಉತ್ತರವೇ ಬಾರದಿದ್ದರೆ ದಾರಿಯೇ ಕಟ್ಟಿದೆ. ಸಂಪರ್ಕವನ್ನು ನಿರಾಕರಿಸಿದರೆ ಬಾಗಿಲಲ್ಲಿ ಕಾವಲುಗಾರನಿಲ್ಲ, ಅಂದರೆ ಸರ್ವರಿನ ಆ ಸೇವೆ ಎದ್ದಿಲ್ಲ. ನನಗೆ ಬಂದದ್ದು ‘ಅನುಮತಿ ಇಲ್ಲ’ ಎಂಬ ಮಾತು. ಕಾವಲುಗಾರನಿದ್ದಾನೆ, ನನ್ನನ್ನು ಒಪ್ಪುತ್ತಿಲ್ಲ. (ಸರ್ವರಿನ ಗುರುತೇ ಬದಲಾಗಿದೆ ಎಂಬ ಎಚ್ಚರಿಕೆ ಬಂದಾಗ ಮಾತ್ರ, ಅಲ್ಲಿಯವರನ್ನು ಕೇಳಿ ಗುರುತನ್ನು ತಾಳೆ ನೋಡದೆ ‘ಹೂಂ’ ಎನ್ನಬಾರದು.)

ನಾನು ಮತ್ತೊಮ್ಮೆ ಬಾಗಿಲು ತಟ್ಟಿದೆ. ಅವನು ಒಳಗಿನ ದಿನಚರಿಯನ್ನು ನೋಡಿದ. ನನಗೆ ಹೇಳದ ಕಾರಣವನ್ನು ಕಾವಲುಗಾರ ಅಲ್ಲಿ ಬರೆದಿಟ್ಟಿದ್ದ: ಸಹಿಯ ರೀತಿ ಹಳೆಯದು. ಷಾ-1 ಎಂಬ ಗಣಿತಕ್ರಮದಲ್ಲಿ ಎರಡು ಬೇರೆ ಬರಹಗಳಿಗೆ ಒಂದೇ ಮುದ್ರೆ ಬೀಳುವಂತೆ ಮಾಡಬಹುದೆಂದು 2017ರಲ್ಲಿ ತೋರಿಸಿಕೊಟ್ಟರು. ಆದುದರಿಂದ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶದ 8.8ನೆಯ ಆವೃತ್ತಿ, 2021ರಲ್ಲಿ, ಆ ಬಗೆಯ ಆರ್‌ಎಸ್‌ಎ ಸಹಿಯನ್ನು ತಾನಾಗಿ ಒಪ್ಪುವುದನ್ನು ಬಿಟ್ಟಿತು.

ನನ್ನ ಕೀಲಿ ಕೆಟ್ಟಿತೆಂದು ನಾನು ಮರುಗಿದೆ. ಹಾಗಲ್ಲವಂತೆ. ಉಂಗುರ ಸರಿಯೇ ಇದೆ, ಮುದ್ರೆಯೊತ್ತುವ ಅರಗು ಹಳತಾಗಿದೆ! ಅದೇ ಕೀಲಿಯಿಂದ ಷಾ-2 ಕ್ರಮದಲ್ಲಿ ಸಹಿ ಮಾಡುವುದು 2016ರ ಆವೃತ್ತಿಯಿಂದಲೇ ಸಾಧ್ಯವಿತ್ತು. ನನ್ನ ಮನೆಯ ಗಣಕದ ತಂತ್ರಾಂಶ ಅದಕ್ಕಿಂತ ಹಿಂದಿನದು. ತಪ್ಪು ನನ್ನದೇ.

“ಒಂದು ಸಾಲು ಬರದ್ರ ಹಳೇ ಸಹಿನೂ ಒಪ್ಪತದ್ರಿ, ಆದ್ರ ಅದು ಎಲ್ಲಾರಿಗೂ ಬಾಗಿಲು ಸಡಿಲ ಮಾಡಿದಂಗ” ಎಂದ. ಬೇಡವೆಂದೆ. ಮನೆಯ ತಂತ್ರಾಂಶವನ್ನೇ ಹೊಸದಾಗಿಸಿಕೊಂಡೆ. ನಮ್ಮೂರಿನ ನೆಟ್‌ವರ್ಕಿನ ವೇಗಕ್ಕೆ ರಾತ್ರಿ ಹನ್ನೊಂದಾಯಿತು. ಹಳೆಯ ಕೀಲಿಗೇ ಬಾಗಿಲು ತೆರೆಯಿತು.

“ಬಂದ್ರೇನ್ರಿ ಸರ್?”

“ಬಂದೆನಪ್ಪಾ. ಇನ್ನ ನೀ ಮಲಗು.”

ಹದಿನೇಳು ಮಕ್ಕಳ ಅಂಕಗಳು ಇನ್ನೂ ಬಾಕಿ ಇದ್ದವು.